ಚೊಂಬಿನ ಹೆಸರು, ಪಿಸ್ತೂಲಿನ ಮೊಹರು

ಬೆಂಗಳೂರಿನ ಗಿರಿನಗರದ ಯಾವುದಾದರೂ ಹಳೇ ಮನೆಯ ಅಡುಗೆಕೋಣೆಯಿಂದ ಒಂದು ಸ್ಟೀಲ್ ಚೊಂಬು ತೆಗೆದು ಬೆಳಕಿಗೆ ಹಿಡಿಯಿರಿ. ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರೊಂದು ಸಿಗುತ್ತದೆ. ಜೊತೆಗೆ ಇನಿಷಿಯಲ್ಲು, ಅದೃಷ್ಟವಿದ್ದರೆ ತಾರೀಖು. ಪಾತ್ರೆ ಅಂಗಡಿಯವನು ಕಿರ್ರೆನ್ನುವ ಮಿಷನ್ ಹಿಡಿದು ಕೊರೆದುಕೊಟ್ಟದ್ದು. ಜಂಬಕ್ಕೆ ಕೊರೆಸಿದ ಹೆಸರಲ್ಲ ಅದು. ಪಕ್ಕದ ಮನೆಯ ಗೃಹಪ್ರವೇಶಕ್ಕೆ ಹೋದ ಚೊಂಬು ತಿರುಗಿ ನಮ್ಮ ಮನೆಗೇ ಬರಲಿ ಎಂಬ ಲೆಕ್ಕಾಚಾರ. ಆ ಹೆಸರಿನವರು ಹೋಗಿ ಎಷ್ಟೋ ವರ್ಷವಾದ ಮೇಲೂ ಚೊಂಬು ಮಾತ್ರ ಸಾಕ್ಷಿ ಹೇಳುತ್ತಲೇ ಇರುತ್ತದೆ.

ಯುರೋಪಿನ ಹಳೆಯ ಪಿಸ್ತೂಲುಗಳ ಮೇಲಿನ ಪೊಲೀಸ್ ಮೊಹರುಗಳೂ ಇದೇ ಜಾತಿಯವು. ಸಂಗ್ರಹಕಾರರು ಅವುಗಳಲ್ಲಿ ರಹಸ್ಯ, ರಕ್ತ, ರಾಜಕೀಯ ಎಲ್ಲವನ್ನೂ ಹುಡುಕುತ್ತಾರೆ. ಹೊಡೆಸಿದ ಗುಮಾಸ್ತನಿಗೆ ಮಾತ್ರ ಒಂದೇ ಚಿಂತೆ: ಇದು ಸರ್ಕಾರದ್ದು, ಇಂಥ ಊರಿನ ಇಂಥ ತುಕಡಿಯದ್ದು, ಲೆಕ್ಕಕ್ಕೆ ಸಿಗಬೇಕು.

2024ರ ಏಪ್ರಿಲ್ 26ರಂದು ಬೆಂಗಳೂರು ದಕ್ಷಿಣದಲ್ಲಿ ಲೋಕಸಭೆ ಚುನಾವಣೆಯ ಮತದಾನವಿತ್ತು. ಚುನಾವಣೆ ಘೋಷಣೆಯಾಯಿತೆಂದರೆ ಲೈಸೆನ್ಸುದಾರರಿಗೆ ಠಾಣೆಯಿಂದ ಕರೆ ಬರುತ್ತದೆ. ಬಂದೂಕು, ಪಿಸ್ತೂಲು ಏನಿದ್ದರೂ ಠಾಣೆಯಲ್ಲೋ ಅಧಿಕೃತ ಡೀಲರ್ ಬಳಿಯೋ ಠೇವಣಿ ಇಟ್ಟು ರಸೀತಿ ಪಡೆಯಬೇಕು. ನಮ್ಮ ಬೀದಿಯ ನಿವೃತ್ತರೊಬ್ಬರು ಆ ಕೆಲಸಕ್ಕೆ ಹೊರಟವರು ಸೀತಾ ಸರ್ಕಲ್ ಬಳಿ ಸಿಕ್ಕಿದರು. ಕೈಯಲ್ಲಿ ತರಕಾರಿಗೆ ಒಯ್ಯುವಂಥ ಬಟ್ಟೆ ಚೀಲ, ಅದರೊಳಗೆ ಬಿರುಕುಬಿಟ್ಟ ಚರ್ಮದ ಒರೆ, ಒರೆಯೊಳಗೆ ಅವರ ತಂದೆಯ ಕಾಲದ ವಾಲ್ಥರ್ ಪಿಪಿ. "ಇದು ಹಿಟ್ಲರನ ಆಫೀಸರ್ ಒಬ್ಬನದ್ದಂತೆ, ನಮ್ಮಪ್ಪ ಹೇಳ್ತಿದ್ದರು" ಎಂದರು. ಎಡಬದಿಯಲ್ಲಿ ರೆಕ್ಕೆ ಬಿಚ್ಚಿದ ಪುಟ್ಟ ಹದ್ದು, ಅದರ ಜೊತೆಗೊಂದು 'ಸಿ' ಅಕ್ಷರ. ಅಕ್ಕಿಕಾಳಿಗಿಂತ ದೊಡ್ಡದಲ್ಲ.

ಹಿಟ್ಲರನ ಕಾಲದ್ದು ಎಂಬುದು ನಿಜ. ಆಫೀಸರ್ ಎಂಬುದು ಅಪ್ಪಂದಿರ ಮಾತು. ಹದ್ದು ಮತ್ತು 'ಸಿ' ಎಂದರೆ ಜರ್ಮನ್ ಪೊಲೀಸ್ ಇಲಾಖೆ ಪರೀಕ್ಷಿಸಿ ತನ್ನದೆಂದು ಒಪ್ಪಿಕೊಂಡ ಗುರುತು. ಹದ್ದಿನ ಜೊತೆ 'ಎಫ್', 'ಎಲ್', 'ಕೆ' ಇರುವುದೂ ಉಂಟು. ವಾಲ್ಥರ್ ಅಲ್ಲದೆ ಸೌಅರ್ 38ಎಚ್, ಮೌಸರ್ ಎಚ್‌ಎಸ್‌ಸಿಗಳ ಮೇಲೂ ಇವು ಸಿಗುತ್ತವೆ. ಪಿಸ್ತೂಲಿನ ಹೆಸರೇ ಅದರ ಉದ್ಯೋಗ ಹೇಳುತ್ತದೆ. ಪಿಪಿ ಎಂದರೆ ಪೊಲೀಟ್ಸೈ ಪಿಸ್ಟೋಲೆ, ಪೊಲೀಸ್ ಪಿಸ್ತೂಲು. 1929ರಲ್ಲಿ ಝೆಲ್ಲಾ-ಮೆಹ್ಲಿಸ್ ಎಂಬ ಊರಿನ ವಾಲ್ಥರ್ ಕಾರ್ಖಾನೆಯಿಂದ ಹೊರಬಂತು. ಅದರ ಗಿಡ್ಡ ತಮ್ಮ ಪಿಪಿಕೆ, ಜೇಮ್ಸ್ ಬಾಂಡ್ ದಯದಿಂದ ನಮ್ಮ ಹುಡುಗರಿಗೂ ಗೊತ್ತು. ಬೀಟ್ ಪೊಲೀಸಿನವನ ಸೊಂಟಕ್ಕೆ, ಮಫ್ತಿಯವನ ಕೋಟಿನೊಳಗೆ ಎಂದು ಮಾಡಿದ ಸಾಮಾನು ಇದು.

ಈ ಬಗೆಯ ಪಿಸ್ತೂಲೇ ಬೆಂಗಳೂರಿನ ಬೀರುಗಳಲ್ಲಿ ಸಿಗುವುದು ಆಕಸ್ಮಿಕವಲ್ಲ. ನಮ್ಮ ಕಾನೂನಿನಲ್ಲಿ 9 ಎಂ.ಎಂ.ನಂಥ ಸೇನೆಯ ಬೋರುಗಳು ಸಾಮಾನ್ಯ ನಾಗರಿಕರಿಗೆ ನಿಷಿದ್ಧ, .32 ಬೋರಿಗೆ ಲೈಸೆನ್ಸ್ ಸಿಗುತ್ತದೆ. ಯುರೋಪಿನವರು 7.65 ಎಂ.ಎಂ. ಬ್ರೌನಿಂಗ್ ಎನ್ನುವುದು, ನಮ್ಮ ಲೈಸೆನ್ಸ್ ಪುಸ್ತಕದಲ್ಲಿ .32 ಎಂದು ಬರೆಯುವುದು ಒಂದೇ ಗುಂಡಿಗೆ. ಬ್ರೌನಿಂಗ್ ಎಂಬ ಬಂದೂಕು ವಿನ್ಯಾಸಕ ಅದನ್ನು ಹೊರತಂದ ಮೇಲೆ, 20ನೇ ಶತಮಾನದ ಮೊದಲರ್ಧದಲ್ಲಿ ಯುರೋಪಿನ ಹಲವು ಪೊಲೀಸ್ ಪಡೆಗಳು ಒಪ್ಪಿಕೊಂಡದ್ದು ಇದೇ ಅಳತೆಯನ್ನು. ಅಲ್ಲಿ ಪೊಲೀಸರಿಗೆ ಸಾಕು ಅನಿಸಿದ ಗುಂಡು ಇಲ್ಲಿ ಗೃಹಸ್ಥರಿಗೆ ಸಿಕ್ಕಿತು. ಮೇಲಾಗಿ 1980ರ ದಶಕದ ಮಧ್ಯಭಾಗದಿಂದ ವಿದೇಶಿ ಪಿಸ್ತೂಲುಗಳು ಖಾಸಗಿಯವರ ಕೈಗೆ ಆಮದಾಗಿ ಬರುವುದು ನಿಂತುಹೋಯಿತು. ಬಂದದ್ದು ಬಂತು, ಇದ್ದದ್ದೇ ಕೈ ಬದಲಾಯಿಸಬೇಕು. ಹಾಗಾಗಿ ಅಲ್ಲಿ ಹಳೇ ಸಾಮಾನಾಗಿ ಬಿದ್ದಿರುವ ವಾಲ್ಥರ್‌ಗೆ ಇಲ್ಲಿ ಲಕ್ಷಗಳ ಮಾತು. ಬೆಲೆ ಏರಿದ ಕಡೆ ಕತೆಯೂ ಏರುತ್ತದೆ. "ಜರ್ಮನ್ ಪೊಲೀಸ್ ಪೀಸ್ ಸಾರ್" ಎಂದು ಒಬ್ಬ ಹೇಳಿದರೆ ಮುಂದಿನವನು ಅದನ್ನು ಹಿಟ್ಲರನ ಗುಪ್ತ ಪೊಲೀಸ್, ಗೆಸ್ಟಾಪೊ ಮಾಡುತ್ತಾನೆ.

ಕತೆ ಹುಟ್ಟುವುದು ಅಕ್ಷರ ತಪ್ಪು ಓದುವುದರಿಂದ. ಪಿಪಿಯ ಸೀರಿಯಲ್ ನಂಬರಿನ ಕೊನೆಗೆ 'ಪಿ' ಎಂಬ ಅಕ್ಷರ ಕಂಡರೆ ಮುಕ್ಕಾಲುಪಾಲು ಜನ ಪೊಲೀಸ್ ಎಂದೇ ಓದುತ್ತಾರೆ. ಪೊಲೀಸಿಗೂ ಅದಕ್ಕೂ ಸಂಬಂಧವಿಲ್ಲ. ಆರಂಕಿಯ ಸಂಖ್ಯೆಗಳು ಮುಗಿದುಹೋದಾಗ ವಾಲ್ಥರ್‌ನವರು ಮತ್ತೆ 1,00,000ದಿಂದ ಎಣಿಕೆ ಶುರುಮಾಡಿ, ಹಳೆಯದರ ಜೊತೆ ಗೊಂದಲವಾಗದಿರಲೆಂದು ಪಿಪಿಗೆ 'ಪಿ', ಪಿಪಿಕೆಗೆ 'ಕೆ' ಅಂಟಿಸಿದರು. ಆಟೋರಿಕ್ಷಾದ ನಂಬರ್ ಪ್ಲೇಟಿನಲ್ಲಿ ಸರಣಿ ಮುಗಿದಾಗ ಅಕ್ಷರ ಬದಲಾಗುವುದಿಲ್ಲವೇ, ಹಾಗೆ.

ಇನ್ನೊಂದು ಹದ್ದೂ ಇದೆ, ಅದರ ಕೆಳಗೆ 'ಎನ್' ಇರುತ್ತದೆ. ಬ್ಯಾರೆಲ್ ಮತ್ತು ಸ್ಲೈಡಿನ ಮೇಲೆ ಇದು ಬಿದ್ದಿದ್ದರೆ ಕೆಲವರು ನಾಟ್ಸಿಗೆ 'ಎನ್' ಎಂದು ಅರ್ಥ ಹಚ್ಚುತ್ತಾರೆ. ಅದು ನೈಟ್ರೋ. ಹೊಗೆಯಿಲ್ಲದ ಮದ್ದು ತುಂಬಿ, ಮಾಮೂಲಿಗಿಂತ ಹೆಚ್ಚು ಒತ್ತಡ ಕೊಟ್ಟು ಹಾರಿಸಿ ನೋಡಿದರೂ ನಳಿಕೆ ಸೀಳಲಿಲ್ಲ ಎಂಬ ಪ್ರಮಾಣಪತ್ರ. 1940ಕ್ಕೆ ಮುಂಚೆ ಇದೇ ಜಾಗದಲ್ಲಿ ಕಿರೀಟ, ಕೆಳಗೆ 'ಎನ್' ಇರುತ್ತಿತ್ತು. ಕಿರಾಣಿ ಅಂಗಡಿಯ ತೂಕದ ಕಲ್ಲಿನ ಮೇಲೆ ಅಳತೆ ಇಲಾಖೆಯವರು ಒತ್ತುವ ಮುದ್ರೆಗೆ ಏನು ಅರ್ಥವೋ ಇದಕ್ಕೂ ಅಷ್ಟೇ. ಕಲ್ಲು ಸರಿಯಿದೆ ಎಂದು ಹೇಳುತ್ತದೆ, ಅಂಗಡಿ ಯಾರದು ಎಂದು ಹೇಳುವುದಿಲ್ಲ. ಇಂಗ್ಲೆಂಡಿನಲ್ಲಿ ಈ ಪರೀಕ್ಷೆಗೆ ಲಂಡನ್ನಿನದ್ದು ಒಂದು ಮನೆ, 1813ರಲ್ಲಿ ಶುರುವಾದ ಬರ್ಮಿಂಗ್‌ಹ್ಯಾಮಿನದ್ದು ಇನ್ನೊಂದು. ಬೆಲ್ಜಿಯಂನ ಲಿಯೇಜ್ ಊರಿನದ್ದು ಮೊಟ್ಟೆಯಾಕಾರದೊಳಗೆ 'ಇಎಲ್‌ಜಿ'. ಎರಡನೇ ಮಹಾಯುದ್ಧದ ನಂತರ ವಾಲ್ಥರ್ ಕಂಪನಿ ಉಲ್ಮ್ ನಗರಕ್ಕೆ ಹೋಗಿ ನೆಲೆಸಿತು. ಅಲ್ಲಿಯ ಪರೀಕ್ಷಾ ಮುದ್ರೆ ಜಿಂಕೆಯ ಕೊಂಬು. ಜಿಂಕೆಕೊಂಬು ಇರುವ ಪಿಪಿಯನ್ನು ಯಾರಾದರೂ ಯುದ್ಧದಲ್ಲಿ ವಶಪಡಿಸಿಕೊಂಡದ್ದು ಎಂದು ಮಾರಲು ಬಂದರೆ ಕಾಫಿ ಕೊಟ್ಟು ಕಳಿಸಿಬಿಡಿ.

ಈ ವಿದ್ಯೆಯ ಮೊದಲ ಪಾಠ ಇಷ್ಟೇ. ಒಂದು ಪಿಸ್ತೂಲಿನ ಮೇಲೆ ಮೂರು ನಾಲ್ಕು ಕೈಗಳು ಬರೆದಿರುತ್ತವೆ. ಕಾರ್ಖಾನೆಯ ಹೆಸರು, ಪರೀಕ್ಷೆಯವರ ಮುದ್ರೆ, ಕೊಂಡ ಇಲಾಖೆಯ ಮೊಹರು, ಆಮೇಲೆ ಅದನ್ನು ಹಂಚಿಕೊಂಡ ತುಕಡಿಯ ನಂಬರು. ಪೊಲೀಸ್ ಗುರುತು ಸಿಗುವುದು ಕೊನೆಯ ಎರಡರಲ್ಲಿ. ನಮ್ಮ ಕಣ್ಣು ಮಾತ್ರ ಮೊದಲ ಎರಡಕ್ಕೇ ಸೋತುಹೋಗುತ್ತದೆ, ಯಾಕೆಂದರೆ ಅವೇ ಅಚ್ಚುಕಟ್ಟಾಗಿ ಹೊಡೆದವು.

ತುಕಡಿಯ ನಂಬರು ಓದುವ ರುಚಿಯೇ ಬೇರೆ. ಮೊದಲ ಮಹಾಯುದ್ಧ ಸೋತ ಜರ್ಮನಿಗೆ ವರ್ಸೇಲ್ಸ್ ಒಪ್ಪಂದ ಒಂದು ಲಕ್ಷ ಸೈನಿಕರ ಮಿತಿ ಹಾಕಿತು. ಸೇನೆ ಕುಗ್ಗಿದಾಗ ಪೊಲೀಸರು ಹಿಗ್ಗಿದರು. ಸೇನೆಯ ಲೂಗರ್ ಪಿಸ್ತೂಲುಗಳು ಶುಟ್ಸ್‌ಪೊಲೀಟ್ಸೈ ಎಂಬ ಸಮವಸ್ತ್ರದ ಪೊಲೀಸರ ಕೈಗೆ ಬಂದವು. ಪ್ರಷ್ಯಾದ ಗುಮಾಸ್ತರು ಹಿಡಿಯ ಲೋಹದ ಪಟ್ಟಿಯ ಮೇಲೆ ಪಡೆ, ಊರು, ತುಕಡಿ, ಆಯುಧದ ಸಂಖ್ಯೆ ಎಲ್ಲವನ್ನೂ ಒಂದೇ ಸಾಲಿನಲ್ಲಿ ಹೊಡೆಸಿದರು. ಕೆಲವು ಲೂಗರ್‌ಗಳ ಮೇಲೆ ತಯಾರಾದ ಇಸವಿಯ ಜೊತೆ 1920 ಎಂಬ ಎರಡನೇ ಇಸವಿಯೂ ಇರುತ್ತದೆ. ಅದು ತಯಾರಿಯ ವರ್ಷವಲ್ಲ, ಇದು ಸರ್ಕಾರಿ ಸ್ವತ್ತು ಎಂದು ಮತ್ತೆ ಸಾರಿದ ವರ್ಷ. ಬಂದೂಕುಗಳು ಕಳ್ಳಸಂತೆ ಸೇರುತ್ತಿದ್ದ ಕಾಲ ಅದು.

ಹಿಡಿಯ ಪಟ್ಟಿಯ ಆ ಸಾಲಿನಲ್ಲೇ ಜಗತ್ತಿನ ಅತಿ ದುಬಾರಿ ತಪ್ಪು ಓದು ಕೂತಿದೆ. 'ಎಸ್.ಡಿ.' ಎಂದು ಶುರುವಾಗುವ ಲೂಗರ್‌ಗಳನ್ನು ಹಿಟ್ಲರನ ಎಸ್‌ಎಸ್ ಪಡೆಯ ಬೇಹುಗಾರಿಕೆ ವಿಭಾಗದ್ದು, ಝಿಶರ್‌ಹೈಟ್ಸ್‌ಡೀನ್ಸ್ಟಿನದು ಎಂದು ಮಾರಿದವರಿದ್ದಾರೆ, ಕೊಂಡವರೂ ಇದ್ದಾರೆ. ಅದು ಡಸೆಲ್‌ಡಾರ್ಫ್ ಊರಿನ ಶುಟ್ಸ್‌ಪೊಲೀಟ್ಸೈ. ಟ್ರಾಫಿಕ್ಕು ನೋಡಿಕೊಂಡು, ಕುಡುಕರನ್ನು ಮನೆಗೆ ಸೇರಿಸಿ, ಸಂಜೆ ಪಿಸ್ತೂಲನ್ನು ಉಗ್ರಾಣಕ್ಕೆ ಒಪ್ಪಿಸುತ್ತಿದ್ದ ಯಾವನೋ ಪೇದೆಯದ್ದು. ನನಗೇನೋ ಆ ಪೇದೆಯ ಪಿಸ್ತೂಲೇ ಹೆಚ್ಚು ಇಷ್ಟ. ಬಜಾರಿನ ಲೆಕ್ಕ ಬೇರೆ.

1936ರ ಜೂನಿನಲ್ಲಿ ಜರ್ಮನಿಯ ಎಲ್ಲ ರಾಜ್ಯಗಳ ಪೊಲೀಸರು ಎಸ್‌ಎಸ್ ಮುಖ್ಯಸ್ಥ ಹಿಮ್ಲರ್‌ನ ಕೈಕೆಳಗೆ ಬಂದರು. ಊರಿನ ಹೆಸರು ಹೇಳುವ ಮೊಹರುಗಳ ಕಾಲ ಮುಗಿಯುತ್ತಾ ಬಂತು, ಒಂದೇ ನಮೂನೆಯ ಹದ್ದುಗಳ ಕಾಲ ಶುರುವಾಯಿತು. ನಮ್ಮ ಬೀದಿಯ ಯಜಮಾನರ ಪಿಸ್ತೂಲು ಈ ಎರಡನೆಯ ಕಾಲದ್ದು. ಆದ್ದರಿಂದಲೇ ಅದು ಯಾವ ಊರಿನ ಠಾಣೆಯಲ್ಲಿತ್ತು ಎಂದು ಹೇಳುವುದಿಲ್ಲ. ಮ್ಯೂನಿಕ್ ಪೊಲೀಸರು ಮಾತ್ರ 'ಪಿಡಿಎಂ' ಎಂದು ಪಿಪಿಯ ಮೇಲೆ ತಮ್ಮ ಹೆಸರು ಕೊರೆಸಿಕೊಂಡಿದ್ದರು. ಕಂದಾಯ ಇಲಾಖೆಯವರದ್ದು 'ಆರ್‌ಎಫ್‌ವಿ'. ಹೌದು, ತೆರಿಗೆ ಇಲಾಖೆಯವರಿಗೂ ಪಿಸ್ತೂಲು ಇತ್ತು. ಮಾರ್ಚ್ ತಿಂಗಳಲ್ಲಿ ಇದನ್ನು ಓದುವವರು ನಮ್ಮಲ್ಲಿ ಹಾಗಿಲ್ಲವೆಂದು ಸಮಾಧಾನಪಟ್ಟುಕೊಳ್ಳಬಹುದು.

ಬ್ರಿಟಿಷರ ಕತೆ ನಮಗೆ ಇನ್ನೂ ಹತ್ತಿರದ್ದು. ಲಂಡನ್ ಪೇದೆಗೆ ಕೋಲೇ ಸಾಕು ಎಂಬ ಹೆಮ್ಮೆಯಿತ್ತು. 1910ರ ಡಿಸೆಂಬರ್‌ನಲ್ಲಿ ಹೌಂಡ್ಸ್‌ಡಿಚ್‌ನಲ್ಲಿ ಕನ್ನ ಹಾಕುತ್ತಿದ್ದವರು ಮೂವರು ಪೊಲೀಸರನ್ನು ಗುಂಡಿಕ್ಕಿ ಕೊಂದರು. ಜನವರಿಯಲ್ಲಿ ಅದೇ ತಂಡದವರಿಗಾಗಿ ಸಿಡ್ನಿ ಸ್ಟ್ರೀಟ್ ಮುತ್ತಿಗೆ ನಡೆಯಿತು. ಅದರ ಬೆನ್ನಿಗೇ 1911ರಲ್ಲಿ ಮೆಟ್ರೊಪಾಲಿಟನ್ ಪೊಲೀಸರು ವೆಬ್ಲಿ ಅಂಡ್ ಸ್ಕಾಟ್ ಕಂಪನಿಯ .32 ಪಿಸ್ತೂಲನ್ನು ಒಪ್ಪಿಕೊಂಡರು. ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದ, ಇಟ್ಟಿಗೆ ಚೂರಿನ ಹಾಗೆ ಚೌಕವಾಗಿರುವ ಆ ಪಿಸ್ತೂಲಿಗೆ 'ಎಂ.ಪಿ.' ಮಾದರಿ ಎಂಬ ಹೆಸರೇ ನಿಂತಿತು. ಲಂಡನ್ನಿನಲ್ಲಿ ಎಂ.ಪಿ. ಎಂದರೆ ಮೆಟ್ರೊಪಾಲಿಟನ್ ಪೊಲೀಸ್, ದಂಡಿನಲ್ಲಿ ಮಿಲಿಟರಿ ಪೊಲೀಸ್, ಭೋಪಾಲಿನಲ್ಲಿ ಮಧ್ಯಪ್ರದೇಶ. ಹಳೇ ಮೈಸೂರಿನವರು ಮೈಸೂರು ಪೊಲೀಸ್ ಎಂದು ಓದಿದರೆ ಅವರನ್ನು ಬೈಯುವಂತೆಯೂ ಇಲ್ಲ. ಎರಡಕ್ಷರ ನೋಡಿ ತೀರ್ಪು ಕೊಡಬಾರದು. ಪಕ್ಕದಲ್ಲಿ ಕಿರೀಟವಿದೆಯೇ, ಬಾಣವಿದೆಯೇ, ಯಾವ ಕಾರ್ಖಾನೆ, ಯಾವ ಬೋರು, ಎಲ್ಲ ಸೇರಿ ಒಂದು ವಾಕ್ಯವಾಗಬೇಕು.

ಬಾಣ ಎಂದೆ. ಮೂರು ಗೆರೆಯ ಅಗಲ ಬಾಣ ಬ್ರಿಟಿಷ್ ಸರ್ಕಾರದ ಸ್ವತ್ತಿನ ಗುರುತು. ಅದರ ಜೊತೆ 'ಐ' ಇದ್ದರೆ ಇಂಡಿಯಾದ್ದು. ಬಂಗಾಳದ ಈಶಾಪುರ ಕಾರ್ಖಾನೆಯ ಬಂದೂಕುಗಳ ಮೇಲೆ ಕಿರೀಟದ ಕೆಳಗೆ 'ಜಿಆರ್‌ಐ', ಅಂದರೆ ರಾಜ ಮತ್ತು ಚಕ್ರವರ್ತಿ ಜಾರ್ಜ್. ಸ್ವಾತಂತ್ರ್ಯ ಬಂದ ಮೇಲೆ ಕಿರೀಟ ಹೋಗಿ ಅಶೋಕನ ಸಿಂಹ ಬಂತು. ಇದೇ ಕಾರ್ಖಾನೆ .303 ಬಂದೂಕನ್ನು ನುಣುಪು ನಳಿಕೆಯ .410 ಮಸ್ಕೆಟ್ ಆಗಿ ಬದಲಾಯಿಸಿ ಪೊಲೀಸರಿಗೂ ಕಾವಲುಗಾರರಿಗೂ ಕೊಟ್ಟಿತು. ಒಂದು ಸಲಕ್ಕೆ ಒಂದೇ ಗುಂಡು. 1857 ಕಂಡ ಸರ್ಕಾರಕ್ಕೆ ತನ್ನದೇ ಪೇದೆಯ ಕೈಯಲ್ಲಿ ಒಳ್ಳೆಯ ರೈಫಲ್ ಇರುವುದೂ ಇಷ್ಟವಿರಲಿಲ್ಲ. ಕೊಡಗಿನವರಿಗೆ ಮಾತ್ರ ಆ ಅನುಮಾನ ಅನ್ವಯಿಸಲಿಲ್ಲ. 1861ರಲ್ಲಿ ಮಾರ್ಕ್ ಕಬ್ಬನ್ ಕೊಡಗಿನವರನ್ನು ನಿಶ್ಶಸ್ತ್ರೀಕರಣ ಕಾಯಿದೆಯಿಂದ ಹೊರಗಿಟ್ಟ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದೆ. ಕೈಲ್ ಪೊಳ್ದ್ ಹಬ್ಬದಲ್ಲಿ ಹೂ ಮುಡಿಸುವ ಹಳೆಯ ಕೋವಿಯ ನಳಿಕೆಯಲ್ಲಿ ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮುದ್ರೆ ಸಿಕ್ಕರೆ ಆಶ್ಚರ್ಯವಿಲ್ಲ, ಪೊಲೀಸ್ ಮೊಹರು ಸಿಕ್ಕರೆ ಆಶ್ಚರ್ಯ.

ಅದಕ್ಕೂ ಹಿಂದೆ ಹೋದರೆ ಈಸ್ಟ್ ಇಂಡಿಯಾ ಕಂಪನಿಯ ಹೃದಯಾಕಾರದ ಮೊಹರು, 1808ರ ನಂತರ ಎದ್ದುನಿಂತ ಸಿಂಹ. ಶ್ರೀರಂಗಪಟ್ಟಣದ ಕಮ್ಮಟದಲ್ಲಿ ತಯಾರಾದ ಟಿಪ್ಪುವಿನ ಬಂದೂಕು, ಪಿಸ್ತೂಲುಗಳ ಮೇಲೆ ಹುಲಿಪಟ್ಟೆ. ಟಿಪ್ಪು ಜಾರಿಗೆ ತಂದ ಮೌಲೂದಿ ಶಕೆಯ ಇಸವಿಯನ್ನು ಅವನ ನಾಣ್ಯಗಳ ಮೇಲೆ ಬಲದಿಂದ ಎಡಕ್ಕೆ ಓದಬೇಕು. ಗೊತ್ತಿಲ್ಲದವರು ಎಡದಿಂದ ಓದಿ ಐದು ಸಾವಿರದ ಆಚೆಯ ಇಸವಿಗೆ ಹೋಗಿಬಿಡುತ್ತಾರೆ. 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಟಿಪ್ಪುವಿಗೆ ಸಂಬಂಧಿಸಿದ ಆಯುಧಗಳ ಸಂಗ್ರಹವೊಂದು 60 ಲಕ್ಷ ಪೌಂಡಿಗೂ ಮೇಲೆ ಹೋಯಿತು. ಹುಲಿಪಟ್ಟೆ ಓದಬಲ್ಲವರು ಕೊಟ್ಟ ಬೆಲೆ ಅದು.

ಇಟಲಿಯದೊಂದು ಪಿಸ್ತೂಲಿನ ಮಾತು ಹೇಳದೆ ಮುಂದೆ ಹೋಗಲಾಗದು. ಬೆರೆಟ್ಟಾ 1934ರ ಮೇಲೆ 'ಪಿ.ಎಸ್.' ಇದ್ದರೆ ಪೊಲೀಸರದ್ದು, ಪುಬ್ಲಿಕಾ ಸಿಕುರೆಜ್ಜಾ, 'ಆರ್.ಇ.' ಇದ್ದರೆ ರಾಜನ ಸೇನೆಯದ್ದು. ಇಸವಿಯ ಪಕ್ಕದಲ್ಲಿ ಮುಸೊಲಿನಿ ಶಕೆಯ ವರ್ಷ ರೋಮನ್ ಅಂಕಿಯಲ್ಲಿ. ಆಫ್ರಿಕಾದಲ್ಲಿ ಇಟಲಿಯವರನ್ನು ಸೋಲಿಸಿದ ಭಾರತೀಯ ಸೈನಿಕರ ಪೆಟ್ಟಿಗೆಗಳಲ್ಲಿ ಇಂಥವು ಹಿಂದೂಸ್ತಾನಕ್ಕೆ ಬಂದವು. ಅಂಥ ಒಂದು ಬೆರೆಟ್ಟಾ, ಸಂಖ್ಯೆ 606824, ಗ್ವಾಲಿಯರ್‌ನಲ್ಲಿ ಗೋಡ್ಸೆಯ ಕೈ ಸೇರಿ 1948ರ ಜನವರಿ 30ರಂದು ದಿಲ್ಲಿಯ ಪ್ರಾರ್ಥನಾ ಸಭೆ ಮುಟ್ಟಿತು. ಕಾರ್ಖಾನೆಯ ಕೆಲಸಗಾರ ಒಂದೊಂದೇ ಅಚ್ಚಿಟ್ಟು ಹೊಡೆದ ಆರು ಅಂಕಿ ಇವತ್ತಿಗೂ ದಾಖಲೆಯಲ್ಲಿದೆ.

ಮೊಹರೇ ಇಲ್ಲದ ಪಿಸ್ತೂಲನ್ನು ಓದುವವರೂ ನಮ್ಮೂರಿನಲ್ಲಿದ್ದಾರೆ, ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ. ಗೌರಿ ಲಂಕೇಶ್ ಅವರನ್ನು 2017ರ ಸೆಪ್ಟೆಂಬರ್ 5ರಂದು ಕೊಂದದ್ದು ಗಿರಿನಗರದಿಂದ ದೂರವೇನಲ್ಲದ ರಾಜರಾಜೇಶ್ವರಿ ನಗರದಲ್ಲಿ. ಬಳಸಿದ್ದು 7.65 ಎಂ.ಎಂ. ನಾಡಪಿಸ್ತೂಲು, ಅದೇ ಬ್ರೌನಿಂಗ್ ಬೋರು. ಕಾರ್ಖಾನೆಯ ಹೆಸರಿಲ್ಲ, ಪರೀಕ್ಷಾ ಮುದ್ರೆಯಿಲ್ಲ. ಆದರೆ ಗುಂಡು ಮತ್ತು ಖಾಲಿ ತೋಟೆಯ ಮೇಲೆ ಪಿಸ್ತೂಲು ತನ್ನ ಗುರುತನ್ನು ತಾನೇ ಒತ್ತಿಬಿಡುತ್ತದೆ. ಆ ಗುರುತುಗಳನ್ನು ಹೋಲಿಸಿದಾಗ, 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ ಅವರ ಮೇಲೆ ಹಾರಿದ್ದೂ ಅದೇ ಪಿಸ್ತೂಲಿನಿಂದ ಎಂದು ವರದಿ ಹೇಳಿತು.

ಉಜ್ಜಿ ಅಳಿಸಿದ ನಂಬರನ್ನು ಎಬ್ಬಿಸುವ ವಿದ್ಯೆಯೂ ಇಂಥ ಪ್ರಯೋಗಾಲಯಗಳದ್ದೇ. ಅಚ್ಚಿಟ್ಟು ಸುತ್ತಿಗೆಯಲ್ಲಿ ಹೊಡೆದಾಗ ಕಾಣುವ ಗುಳಿಗಿಂತ ಆಳದವರೆಗೂ ಲೋಹ ನಲುಗುತ್ತದೆ. ಅರ ಹಾಕಿ ಮೇಲಿನದನ್ನು ತೆಗೆದರೂ ಕೆಳಗೆ ಆ ನಲುಗಿದ ಲೋಹ ಉಳಿದಿರುತ್ತದೆ. ತಾಮ್ರದ ಕ್ಲೋರೈಡ್ ಬೆರೆಸಿದ ಆಮ್ಲ ಸವರಿದರೆ ಸುತ್ತಲಿನದಕ್ಕಿಂತ ಅದು ಬೇಗ ಕರಗುತ್ತದೆ, ಅಂಕಿಗಳು ಮಬ್ಬಾಗಿ ಮೇಲೇಳುತ್ತವೆ. ಆ ಹೊತ್ತಿಗೆ ಫೋಟೊ ತೆಗೆದಿಟ್ಟುಕೊಳ್ಳಬೇಕು, ಯಾಕೆಂದರೆ ಕೆಲವೊಮ್ಮೆ ಅದು ಮತ್ತೆ ಮಾಯವಾಗುತ್ತದೆ. 1959ರ ಆಯುಧ ಕಾಯಿದೆಯ 8ನೇ ಕಲಂ ಬಂದೂಕಿನ ಮೇಲಿನ ಹೆಸರು, ಸಂಖ್ಯೆ, ಗುರುತು ಅಳಿಸುವುದನ್ನೇ ನಿಷೇಧಿಸುತ್ತದೆ. ಅಳಿಸಿದ ಬಂದೂಕು ಯಾರ ಕೈಯಲ್ಲಿ ಸಿಕ್ಕಿತೋ ಅವರೇ ಅಳಿಸಿದರೆಂದು ಮೊದಲು ಭಾವಿಸಿ, ಅಲ್ಲವೆಂದು ತೋರಿಸುವ ಹೊಣೆಯನ್ನು ಅವರ ಮೇಲೇ ಹೊರಿಸುತ್ತದೆ. ದುರುದ್ದೇಶವೇ ಬೇಕಿಲ್ಲ, ಅತಿ ಉತ್ಸಾಹ ಸಾಕು. ಆಯುಧಪೂಜೆಗೆ ಅರಿಶಿನ ಕುಂಕುಮ ಹಚ್ಚಿ, ಒರೆಸದೆ ಒರೆಗೆ ಸೇರಿಸಿ, ತುಕ್ಕು ಬಂದ ಮೇಲೆ ಮರಳುಕಾಗದದಲ್ಲಿ ತಿಕ್ಕಿ, ಕೊನೆಗೆ ಪಳಪಳ ಎನ್ನಲೆಂದು ನಿಕ್ಕಲ್ ಹಾಕಿಸಿದ ಪಿಸ್ತೂಲುಗಳನ್ನು ನೋಡಿದ್ದೇನೆ. ಹದ್ದೂ ಇಲ್ಲ, ಕಿರೀಟವೂ ಇಲ್ಲ, ಸಂಖ್ಯೆಯೂ ಅರ್ಧಂಬರ್ಧ. ಸಂಗ್ರಹದ ಬೆಲೆ ಹೋಯಿತು, ಲೈಸೆನ್ಸ್ ನವೀಕರಣಕ್ಕೂ ತಕರಾರು.

ಠಾಣೆಯ ರೈಟರ್ ಅಂದು ಯಜಮಾನರ ಪಿಸ್ತೂಲನ್ನು ತಿರುಗಿಸಿ ನೋಡಿ, ಸಂಖ್ಯೆಯನ್ನು ಗಟ್ಟಿಯಾಗಿ ಓದಿ, ಪುಸ್ತಕದಲ್ಲಿ ಬರೆದುಕೊಂಡರು. ಪಿಸ್ತೂಲ್, .32 ಬೋರ್, ವಾಲ್ಥರ್, ಮ್ಯಾಗಜೀನ್ ಒಂದು. ಹದ್ದಿಗೆ ಕಾಲಂ ಇರಲಿಲ್ಲ. ಒಂದು ಚೀಟಿಯಲ್ಲಿ ಕ್ರಮಸಂಖ್ಯೆ ಬರೆದು ದಾರದಿಂದ ಟ್ರಿಗರ್ ಗಾರ್ಡಿಗೆ ಕಟ್ಟಿ ಒಳಗಿಟ್ಟರು. ಎಂಬತ್ತು ವರ್ಷದ ಹಿಂದೆ ಯಾವುದೋ ಜರ್ಮನ್ ಊರಿನ ರೈಟರ್ ಒಬ್ಬ ಹೀಗೇ ಒಳಗಿಟ್ಟಿದ್ದಿರಬೇಕು. ಹೊರಗೆ ಬಂದು ಕಾಫಿ ಕುಡಿಯುವಾಗ ನಾನು ಹದ್ದಿನ ವಿಷಯ ಹೇಳಿದೆ. "ಹಾಗಾದರೆ ಆಫೀಸರ್ ಅಲ್ಲ, ಪೇದೆ" ಎಂದು ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ತಂದೆಯೂ ದಂಡಿನಲ್ಲಿ ಕ್ಲಾರ್ಕ್ ಆಗಿದ್ದರೆಂದು ಹೇಳಿದರು.

ನಿಮ್ಮ ಮನೆಯ ಬೀರುವಿನಲ್ಲಿ ಲೈಸೆನ್ಸ್ ಇರುವ ಅಜ್ಜನ ಕಾಲದ ಪಿಸ್ತೂಲೊಂದಿದ್ದರೆ ಒಂದು ಮಾತು. ಪಾಲಿಶ್‌ಗೆ ಕೊಡಬೇಡಿ. ಮ್ಯಾಗಜೀನ್ ತೆಗೆದು, ಗುಂಡಿಲ್ಲವೆಂದು ಎರಡು ಸಲ ನೋಡಿ, ಬೆಳಗಿನ ಓರೆ ಬಿಸಿಲಿನಲ್ಲಿ ಪ್ರತಿಯೊಂದು ಮೊಹರಿನ ಫೋಟೊ ತೆಗೆಯಿರಿ. ಎಡಬದಿ, ಬಲಬದಿ, ನಳಿಕೆ, ಹಿಡಿಯ ಮುಂದಿನ ಪಟ್ಟಿ, ಮ್ಯಾಗಜೀನಿನ ತಳ. ಯಾರು ಯಾವಾಗ ತಂದದ್ದೆಂದು ನಿಮಗೆ ಗೊತ್ತಿರುವಷ್ಟನ್ನು ಒಂದು ಹಾಳೆಯಲ್ಲಿ ಬರೆದು ಲೈಸೆನ್ಸ್ ಪುಸ್ತಕದ ಒಳಗಿಡಿ. ಮಕ್ಕಳಿಗೆ ಬೇಡವಾದರೆ ನೇರ ಠಾಣೆಗೋ ಡೀಲರಿಗೋ ಒಪ್ಪಿಸಲಿ, ಹಾಳೆಯ ಸಮೇತ.